ಹಳದಿ ಚುಕ್ಕೆಯ ಜೇನುಗಳು

ಹಳದಿ ಚುಕ್ಕೆಯವು ಮತ್ತೆ ಮನೆ ಸೇರಿದ್ದವು.

ಸಂಶೋಧಕಿ ಜೇನುಪೆಟ್ಟಿಗೆಯ ಮುಂದೆ ಮಂಡಿಯೂರಿ ನೋಡಿದಳು. ನಂಬಿಕೆಯೇ ಬರಲಿಲ್ಲ. ಬೆನ್ನಿಗೆ ನೀಲಿ ಚುಕ್ಕೆ ಇಟ್ಟ ಜೇನುಗಳಿಗೆ ಅವಳು ಕುಡಿಸಿದ್ದು ಬರೀ ಸಕ್ಕರೆನೀರು. ಹಳದಿಯವಕ್ಕೆ ಅದರ ಜೊತೆ, ತೋಟಕ್ಕೆ ಹೊಡೆಯುವ ಕೀಟನಾಶಕ ಚೂರೇ ಚೂರು. ಸಾಯುವಷ್ಟಲ್ಲ. ಆದರೆ ದಾರಿ ಮರೆಯುವಷ್ಟು ಇರಬಹುದು ಎಂಬುದು ಅವಳ ಅನುಮಾನ. ಎರಡನ್ನೂ ದೂರದ ತೋಟದಲ್ಲಿ ಬಿಟ್ಟು, ಯಾವುದು ಮನೆ ಸೇರುತ್ತದೆ ಎಂದು ಕಾಯುವುದೇ ಕೆಲಸ. ಸೀಸನ್ ಪೂರ್ತಿ ಕಾದು ಅವಳ ಬೆನ್ನು ಬಿದ್ದುಹೋಗಿತ್ತು.

"ಔಷಧಿಯಿಂದ ಏನೂ ತೊಂದ್ರೆ ಇಲ್ಲ ಅಂತ ರಿಪೋರ್ಟ್ ಕೊಡ್ಬೇಕು," ಎಂದಳು.

ಪಕ್ಕದಲ್ಲಿ ಜೇನುಗಾರ ನಿಂತಿದ್ದ. ಪೆಟ್ಟಿಗೆಗಳು ಅವನವು. ಜೇನುಗಳನ್ನು ಒಯ್ದು ತೋಟದಲ್ಲಿ ಬಿಡುವವನೂ ಅವನೇ.

"ಕೊಟ್ರೆ ಏನಾಗುತ್ತೆ ಮೇಡಂ?"

"ಎಲ್ಲರೂ ಧಾರಾಳವಾಗಿ ಹೊಡೀತಾರೆ. ಇನ್ನೇನು."

ಅಷ್ಟರಲ್ಲಿ ಅವನ ಅತ್ತಿಗೆ ಟೀ ತಂದಳು. "ನಮ್ಮ ಮೈದುನನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ. ಸಿಗರೇಟ್ ಮುಟ್ಟಲ್ಲ, ಆದ್ರೂ ಮನೇಲಿ ಒಂದು ಬೆಂಕಿಪೊಟ್ಟಣ ಉಳಿಸಲ್ಲ. ಕಡ್ಡಿ ಎಲ್ಲಾ ಲೋಟಕ್ಕೆ ಸುರಿದು ಖಾಲಿ ಪೊಟ್ಟಣ ಹೊತ್ಕೊಂಡು ಹೋಗ್ತಾನೆ. ನಾನು ಕಡ್ಡಿ ಎಲ್ಲಿ ಗೀರ್ಲಿ, ಇವನ ಹಣೆಗಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ಸೀದಾ ಜೇಬಿಗೆ ಹೋಯಿತು.

"ತೆಗೀರಿ," ಎಂದಳು ಸಂಶೋಧಕಿ.

ಪೊಟ್ಟಣದೊಳಗೆ ಹಳದಿ ಚುಕ್ಕೆಯ ಜೇನೊಂದು ಇದ್ದಲ್ಲೇ ಸುತ್ತುತ್ತಿತ್ತು.

"ತೋಟದ ಬೇಲಿ ಹತ್ರ ಸುಮ್ನೆ ಕೂತಿರ್ತಾವೆ. ಎತ್ತ ಹೋಗ್ಬೇಕು ಅಂತ್ಲೇ ಗೊತ್ತಾಗಲ್ಲ ಪಾಪ. ಅದಕ್ಕೆ..."

"ಅದಕ್ಕೆ ನೀವೇ ತಂದು ಬಿಟ್ರಾ? ತಾವಾಗೇ ಬರ್ತಾವಾ ಅಂತ ತಾನೇ ರೀ ನಾನು ಕಾಯ್ತಾ ಇದ್ದಿದ್ದು!"

ಅತ್ತಿಗೆ ಲೋಟಗಳನ್ನು ಅಲ್ಲೇ ಇಟ್ಟು ಮೆಲ್ಲಗೆ ಜಾಗ ಖಾಲಿ ಮಾಡಿದಳು.

ಸಂಶೋಧಕಿ ನೆಲದ ಮೇಲೆ ಕೂತುಬಿಟ್ಟಳು. ಇಷ್ಟು ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಜಗಳವಾಡಬೇಕೆನಿಸಿತು, ಅದಕ್ಕೂ ತ್ರಾಣವಿರಲಿಲ್ಲ.

"ಜೇನಿನ ಮೇಲೆ ಅಷ್ಟು ಕರುಣೆನಾ?"

"ಜೇನಿಗೋಸ್ಕರ ಮಾತ್ರ ಅಲ್ಲ." ಅವನು ತನ್ನ ಚಪ್ಪಲಿ ನೋಡುತ್ತ ನಿಂತ. "ಮೊದಲ ವಾರ ಹಳದಿ ಒಂದೇ ಒಂದು ವಾಪಸ್ ಬಂದಿತ್ತು. ಅವತ್ತು ನೀವು ನಕ್ಕಿದ್ರಿ. ಬರದ ದಿನ ಟೀನೂ ಕುಡೀದೆ ಹೋಗ್ತಿದ್ರಿ. ಇನ್ನೊಂದ್ಸಲ ನಗ್ಲಿ ಅಂತ..."

ನಕ್ಕಿದ್ದು ನಿಜ. ತನ್ನ ಕೈಯಾರೆ ವಿಷ ಕುಡಿಸಿದ ಜೀವ ಮನೆ ಸೇರಿದರೆ ಯಾರಿಗೆ ತಾನೇ ಸಮಾಧಾನವಾಗದು? ಆದರೆ ಆ ನಗುವನ್ನು ಒಬ್ಬರು ನೋಡಿದ್ದಾರೆ, ಅದಕ್ಕಾಗಿ ಬೇಲಿಯುದ್ದಕ್ಕೂ ಹುಡುಕಿದ್ದಾರೆ! ಪೆಟ್ಟಿಗೆಯ ಬಾಗಿಲನ್ನೇ ನೋಡುತ್ತಿದ್ದ ಈ ಮಹಾರಾಯಿತಿಗೆ ಪಕ್ಕದಲ್ಲಿದ್ದವನು ಕಂಡಿರಲಿಲ್ಲ. ಅಥವಾ ಕಂಡಿದ್ದ; ಅವನು ಇಷ್ಟ ಎಂದು ಒಪ್ಪಿಕೊಳ್ಳುವಷ್ಟು ಶಕ್ತಿ ಸಂಜೆಯ ಹೊತ್ತಿಗೆ ಉಳಿಯುತ್ತಿರಲಿಲ್ಲ.

"ಮತ್ತೆ ಮೊದಲಿಂದ ಶುರು ಮಾಡ್ಬೇಕು," ಎಂದಳು.

"ಮಾಡೋಣ."

"ಈ ಸಲ ದಾರಿ ತಪ್ಪಿದ್ರೂ ತರೋ ಹಾಗಿಲ್ಲ."

"ಅದು ನನಗೆ ಕಷ್ಟ ಮೇಡಂ."

"ನನಗೇನು ಸುಲಭಾನಾ? ನನಗೆ ಸಾಕಾಗಿದೆ ಕಣೋ. ಒಬ್ಬಳೇ ಕಾಯೋಕೆ ಆಗಲ್ಲ. ನೀನೂ ಜೊತೆಗೆ ಕೂತ್ಕೋ."

ಅವನು ತಲೆ ಎತ್ತಿದ. ಆ 'ಕಣೋ' ಕೇಳಿ ಕಿವಿಯೆಲ್ಲ ಕೆಂಪಾಗಿತ್ತು. ತಣ್ಣಗಾದ ಟೀಯನ್ನೇ ಇಬ್ಬರೂ ಕುಡಿದರು.

ಹೊಸ ಲೆಕ್ಕದ ಮೊದಲ ಸಂಜೆ ನೀಲಿಯವು ಒಂದೊಂದೇ ಬಂದವು. ಬಿಸಿಲು ಇಳಿಯುತ್ತಿದ್ದಂತೆ ಅವನು ಎದ್ದೆದ್ದು ಬೇಲಿಯತ್ತ ನೋಡತೊಡಗಿದ. ಅವಳು ಅವನ ಕೈ ಹಿಡಿದು ಕೂರಿಸಿದಳು.

"ಒಂದೇ ಒಂದು ತರ್ತೀನಿ. ಬಿಡು."

"ಬಿಡಲ್ಲ."

"ಕತ್ತಲಾಗೋವರೆಗಾ?"

"ಕತ್ತಲಾದ್ಮೇಲೂ."

ಅವನು ಮತ್ತೆ ಏಳಲಿಲ್ಲ. ಹಳದಿ ಒಂದೂ ಬರಲಿಲ್ಲ. ಅದನ್ನವಳು ಕಣ್ಣೊರೆಸಿಕೊಂಡು ಸೊಟ್ಟಸೊಟ್ಟಗೆ ಎಡಗೈಯಲ್ಲೇ ಬರೆದುಕೊಂಡಳು. ಬಲಗೈ ಅವನ ಕೈಯಲ್ಲಿತ್ತು.