ಎಡಗಾಲಿಗೆ ಕೆಲಸವಿಲ್ಲದ ಗಾಡಿ

"ಕೈ ತಗೀರಿ ಅದರ ಮ್ಯಾಲಿಂದ!"

ರೂಬಿನಾಳ ಕೂಗಿಗೆ, ಬಾನೆಟ್ಟಿನೊಳಗೆ ಮುಖ ಹುದುಗಿಸಿದ್ದವನು ಬೆಚ್ಚಿ ಎದ್ದ. ತಲೆ ತಗಡಿಗೆ ಢಬ್ ಎಂದು ಬಡಿಯಿತು.

ಮಿಶ್ರಿಕೋಟಿಯ ಆ ಮನೆಯ ಹಿತ್ತಲಲ್ಲಿ ಬೇವಿನ ನೆರಳಿಗೆ ನಿಂತಿದ್ದ ಉದ್ದ ಮೂಗಿನ ಹಳೇ ಟ್ರಕ್ಕನ್ನು ಅವಳಜ್ಜ ಯಾವುದೋ ಕಾಲದಲ್ಲಿ ಮಿಲಿಟರಿ ಹರಾಜಿನಲ್ಲಿ ಹಿಡಿದಿದ್ದ. ಮನೆಯಲ್ಲಿ ಹೊಲಿದ ಗಾದಿಗಳನ್ನು ಹೇರಿಕೊಂಡು ರೂಬಿನಾ ತಾನೇ ಅದನ್ನು ಕಲಘಟಗಿ, ಕುಂದಗೋಳದ ಸಂತೆಗಳಿಗೆ ಓಡಿಸುತ್ತಿದ್ದಳು. ಹಿಂದಿನ ಚಳಿಗಾಲದ ಒಂದು ಮುಂಜಾನೆ, ಮಂಜಿನಲ್ಲಿ ಎದುರಾದ ಎಮ್ಮೆಯನ್ನು ತಪ್ಪಿಸಲು ಹೋಗಿ ಹುಣಸೆ ಮರಕ್ಕೆ ಗುದ್ದಿದಳು. ಪೆಟ್ರೋಲ್ ಎಂಜಿನ್ ಸೀಳಿಹೋಯಿತು. ಅವಳ ಎಡಗಾಲು ಮೊಣಕಾಲ ಕೆಳಗೆ ಉಳಿಯಲಿಲ್ಲ. ಈಗ ಅಲ್ಲಿ ಕೃತಕ ಕಾಲು.

ತಾಯಿ ಜೈನಬಿ ಟ್ರಕ್ಕನ್ನು ಗುಜರಿಗೆ ಹಾಕಬೇಕೆಂದು ಹಟ ಹಿಡಿದಿದ್ದಳು. ಅದಕ್ಕೇ ರೂಬಿನಾ ಈ ಎಣ್ಣೆಗೈಯವನನ್ನು ಗುಜರಿಯವನೆಂದು ತಿಳಿದಳು.

"ಮಾರೂದಿಲ್ಲ ಅಂತ ಹೇಳೇನಿ. ನಡೀರಿ ನೀವು."

"ಒಯ್ಯಾಕ ಬಂದಿಲ್ರಿ," ಅವನು ತಲೆ ಸವರಿಕೊಂಡ. "ಬದುಕಿಸಾಕ ಆಗತೈತೇನು ನೋಡಾಕ ಬಂದೇನಿ. ನಿಮ್ಮ ಅಬ್ಬಾನ ಕರದಾರ. ನಾನು ಮುಜಫರ್. ಬಸ್‌ಸ್ಟ್ಯಾಂಡ್ ಬಾಜೂಕ ಹೊಸಾ ಗ್ಯಾರೇಜ್ ಐತಲ್ರಿ, ಅದು ನಂದ."

ಹಿಂದೆ ಬಾಗಿಲಲ್ಲಿ ನಿಂತಿದ್ದ ಅಪ್ಪ ಶರೀಫಸಾಬ ಗಡ್ಡ ನೀವಿಕೊಳ್ಳುತ್ತ ನಗುತ್ತಿದ್ದ. ರೂಬಿನಾಳ ಕಿವಿ ಬಿಸಿಯಾಯಿತು.

"ಬದುಕಿಸಿದರ ಓಡಸಾವ್ರು ಯಾರು?" ಎಂದಳು. "ಕ್ಲಚ್ ತುಳಿಯಾಕ ನನಗ ಕಾಲಿಲ್ಲ."

ಮುಜಫರ್ ಅವಳ ಕಾಲನ್ನು ನೋಡಲಿಲ್ಲ. ನೇರ ಕಣ್ಣನ್ನೇ ನೋಡಿದ. "ಹಂಗಿದ್ರ ಕ್ಲಚ್ಚ ತಗದುಬಿಡೂಣ್ರಿ. ಅಟೊಮ್ಯಾಟಿಕ್ ಹಾಕೂಣು. ಆ ಗಾಡ್ಯಾಗ ಎಡಗಾಲಿಗೆ ಕೆಲಸಾನ ಇರೂದಿಲ್ಲ. ನಿಮ್ಮದಕ್ಕೂ ಇಲ್ಲ, ನನ್ನದಕ್ಕೂ ಇಲ್ಲ."

ಅಪಘಾತದ ನಂತರ ಅವಳ ಕಾಲಿನ ಬಗ್ಗೆ ಯಾರೂ ಅಷ್ಟು ಹಗುರವಾಗಿ ಮಾತಾಡಿರಲಿಲ್ಲ. ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಹುಬ್ಬಳ್ಳಿಯ ಗುಜರಿಯಲ್ಲಿ, ಹಿಂದಿನಿಂದ ಗುದ್ದಿಸಿಕೊಂಡ ದೊಡ್ಡ ಕಾರೊಂದು ಅವನಿಗೆ ಸಿಕ್ಕಿತು. ಅದರ ಡೀಸೆಲ್ ಎಂಜಿನ್ನೂ ಅಟೊಮ್ಯಾಟಿಕ್ ಗೇರ್‌ಬಾಕ್ಸೂ ಒಟ್ಟಿಗೇ ಮಿಶ್ರಿಕೋಟಿಗೆ ಬಂದವು. ಹೊಸ ಎಂಜಿನ್ ಕೂರಲು ಟ್ರಕ್ಕಿನ ಅಡಿಯ ಚಾಸಿಯಲ್ಲಿದ್ದ ಹಳೇ ಹಿಡಿಕೆಗಳನ್ನು ಕತ್ತರಿಸಿ ಮುಜಫರ್ ಬೇರೆ ಬೆಸೆದ. ಹಿಂದಿನ ಗಾಲಿಗೆ ಹೋಗುವ ಶಾಫ್ಟನ್ನು ಲೇತಿನಲ್ಲಿ ಗಿಡ್ಡ ಮಾಡಿಸಿದ.

"ಪೆಡಲಿನ ಅಳತಿ ಬೇಕ್ರಿ. ಹತ್ತಿ ಕೂಡ್ರಿ," ಎಂದ ಒಂದು ದಿನ.

ಸ್ಟೀಯರಿಂಗ್ ಮುಟ್ಟಿದ್ದೇ ತಡ, ರೂಬಿನಾಳ ಅಂಗೈ ಬೆವರಿತು. ಗಾಜಿನಾಚೆ ಬೇವಿನ ಮರವಿತ್ತು. ಅವಳಿಗೆ ಕಂಡದ್ದು ಹುಣಸೆ ಮರ.

ಕೆಳಗೆ ಪೆಡಲಿನ ಹತ್ತಿರ ಕೂತಿದ್ದ ಮುಜಫರ್ ತಲೆಯೆತ್ತಿದ. ಅವಳ ಬಿಳಚಿದ ಮುಖ ನೋಡಿ ಅಳತೆ ಪಟ್ಟಿಯನ್ನು ಕೆಳಗಿಟ್ಟ. "ಇಳೀಬ್ಯಾಡ್ರಿ. ಎಂಜಿನ್ ಇನ್ನೂ ಕಟ್ಟಿಗಿ ಮ್ಯಾಲ ಕುಂತೈತಿ, ಗಾಡಿ ಎಲ್ಲಿ ಹೋಗತೈತಿ? ಹಾರ್ನ್ ಹೊಡೀರಿ ಬೇಕಾದ್ರ."

"ಬ್ಯಾಟರಿ ಇಲ್ಲಲ್ಲ?"

"ಬಾಯೀಲೆ ಹೊಡೀರಿ."

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಅವನು ಮತ್ತೆ ಅಳತೆಗೆ ಬಗ್ಗಿದ. ಆದರೆ ಅವನ ತುಟಿಯಂಚಿನ ಕಿರುನಗೆ ಅವಳಿಗೆ ಕಂಡುಬಿಟ್ಟಿತ್ತು. ಆ ದಿನದಿಂದ ಚಹಾ ಒಯ್ಯುವ ಕೆಲಸವನ್ನು ಅವಳು ತಾಯಿಗೆ ಬಿಡಲಿಲ್ಲ.

ಎಂಜಿನ್ ಗುಡುಗಿದ ದಿನ ಅರ್ಧ ಓಣಿ ಹಿತ್ತಲಿಗೆ ಬಂತು. ಅಲ್ಲಿಂದ ಮುಂದೆ ಮುಜಫರನ ಮಾತು ಕಡಿಮೆಯಾಯಿತು. ಕೆಲಸ ಮುಗಿಯಿತೆಂದು ಎಂದೂ ಹೇಳಲಿಲ್ಲ. ಬಿಗಿ ಮಾಡಿದ ಬೋಲ್ಟನ್ನೇ ಮತ್ತೆ ಬಿಗಿ ಮಾಡುತ್ತಿದ್ದ. ಹೊಲದ ದಾರಿಯಲ್ಲಿ ಒಬ್ಬನೇ ಓಡಿಸಿ ತಂದು ಚಾವಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅವಳ ಕಣ್ಣು ತಪ್ಪಿಸುತ್ತಿದ್ದ.

ಕುಂಟಿಯ ಜೊತೆ ಸಲಿಗೆ ಹೆಚ್ಚಾಯಿತೆಂದು ಹಿಂದೆ ಸರಿಯುತ್ತಿದ್ದಾನೆ ಎಂದು ರೂಬಿನಾ ತಿಳಿದಳು. ಆ ವಿಚಾರ ಎದೆಯೊಳಗೆ ತಣ್ಣಗೆ ಕೂತಿತು.

"ಚಾವಿ ಕೊಡ್ರಿ," ಎಂದಳು ಒಂದು ಮಧ್ಯಾಹ್ನ.

"ನಾಳೆ ನೋಡೂಣ್ರಿ."

"ನನ್ನ ಕಂಡ್ರ ಬ್ಯಾಸರಾಗಿದ್ರ ಹೇಳಿಬಿಡ್ರಿ. ಗಾಡಿ ಯಾಕ ಹಿಡ್ಕೊಂಡೀರಿ?"

ಅವನ ಮುಖ ಪೆಟ್ಟು ತಿಂದಂತಾಯಿತು. "ಬ್ಯಾಸರಾ? ಹೆದರಿಕಿರಿ! ಇಂಥಾ ಕೆಲಸ ನಾ ಹಿಂದ ಮಾಡಿಲ್ಲ. ಒಂದು ಬೆಸುಗಿ ಬಿಟ್ರ, ಒಂದು ಪೈಪ್ ಹೋದ್ರ... ಗಾಡ್ಯಾಗ ನೀವಿರ್ತೀರಿ. ಅದನ್ನ ನೆನಸಿದ್ರ ಊಟ ಇಳೀವಲ್ದು."

ರೂಬಿನಾ ಕೈ ಚಾಚಿದಳು. ಅವನು ಆ ಅಂಗೈಯ ಮೇಲೆ ಚಾವಿ ಇಟ್ಟ. "ಬಾಜೂಕ ನಾ ಕೂಡ್ತೇನಿ."

ಬದಲಿಸಿದ ಎಂಜಿನ್ನಿಗೆ ಆರ್‌ಟಿಒ ಒಪ್ಪಿಗೆ ಬರುವ ತನಕ ದೊಡ್ಡ ರಸ್ತೆಗೆ ಇಳಿಯುವಂತಿರಲಿಲ್ಲ. ಊರ ಹೊರಗೆ, ಹೊಲಗಳ ನಡುವಿನ ದಾರಿ ಹಿಡಿದರು. ಎರಡೇ ಪೆಡಲ್. ಬಲಗಾಲು ಒತ್ತಿದರೆ ಟ್ರಕ್ಕು ಮುಂದೆ, ಬಿಟ್ಟರೆ ನಿಧಾನ. ಗೇರುಗಳು ತಾವಾಗಿ ಬದಲಾಗುತ್ತಿದ್ದವು. ಏರು ಹತ್ತಿದರು. ಗಾಳಿಗೆ ಅವಳ ದುಪಟ್ಟಾ ಹಾರಿ ಅವನ ಭುಜಕ್ಕೆ ತಗಲಿತು. ಅವನು ತೆಗೆಯಲಿಲ್ಲ.

ಕೆರೆಯ ಕಡೆಗಿನ ಇಳಿಜಾರು ಉದ್ದವಿತ್ತು. ರೂಬಿನಾ ಬ್ರೇಕ್ ಮೇಲೆ ಕಾಲಿಟ್ಟೇ ಇಳಿಸುತ್ತಿದ್ದಳು. ಅರ್ಧ ದಾರಿಯಲ್ಲಿ ಪೆಡಲ್ ಮೆತ್ತಗಾಯಿತು. ಇನ್ನಷ್ಟು ಒತ್ತಿದಳು. ಪೆಡಲ್ ತಳಕ್ಕೆ ತಾಗಿತು. ಟ್ರಕ್ಕು ನಿಲ್ಲಲಿಲ್ಲ.

"ಮುಜಫರ್... ಬ್ರೇಕ್ ಇಲ್ಲ."

ಕೆಳಗೆ ದಾರಿಯ ತುಂಬ ಹೆಂಗಸರು, ಹುಲ್ಲಿನ ಹೊರೆ ಹೊತ್ತು ಬೆನ್ನು ಹಾಕಿ ನಡೆಯುತ್ತಿದ್ದರು. ರೂಬಿನಾ ಹಾರ್ನ್ ಒತ್ತಿ ಹಿಡಿದಳು. ಅವರು ತಿರುಗಿ ನೋಡಿದರು, ಯಾವ ಕಡೆ ಓಡುವುದೆಂದು ತಿಳಿಯದೆ ನಿಂತರು.

"ಲಿವರ್ ಹಿಂದ ಎಳೀರಿ! ಸಣ್ಣ ಗೇರಿಗೆ!" ಮುಜಫರ್ ಎರಡೂ ಕೈಯಿಂದ ಹ್ಯಾಂಡ್ ಬ್ರೇಕ್ ಎಳೆಯುತ್ತಿದ್ದ.

ಅವಳು ಎಳೆದಳು. ಎಂಜಿನ್ ಚೀರಿತು. ಟ್ರಕ್ಕು ಮುಗ್ಗರಿಸಿದಂತಾಗಿ ವೇಗ ಕಳೆದುಕೊಂಡಿತು. ಆದರೂ ಸಾಲದು. ಬಲಕ್ಕೆ ಕಲ್ಲಿನ ಒಡ್ಡು, ಎಡಕ್ಕೆ ಗೋವಿನಜೋಳದ ಹೊಲ. ಕಣ್ಣು ಮುಚ್ಚಬೇಕೆನ್ನಿಸಿತು. ಮುಚ್ಚಲಿಲ್ಲ. ಸ್ಟೀಯರಿಂಗನ್ನು ಎಡಕ್ಕೆ ತಿರುವಿದಳು. ಜೋಳದ ದಂಟುಗಳು ಗಾಜಿಗೆ ಪಟಪಟ ಬಡಿದವು. ಮೆತ್ತನೆ ಎರೆಮಣ್ಣು ಗಾಲಿಗಳನ್ನು ಹಿಡಿದುಕೊಂಡಿತು. ಟ್ರಕ್ಕು ನಿಂತಿತು.

ರೂಬಿನಾ ಎಂಜಿನ್ ಆರಿಸಿದಳು.

ಮುಜಫರ್ ಇಳಿದು ಗಾಡಿಯ ಕೆಳಗೆ ತೂರಿದ. ಹೊರಬಂದಾಗ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. "ಹೊಸಾ ಸೈಲೆನ್ಸರ್ ಪೈಪ್ ಬ್ರೇಕಿನ ನಳಿಗಿಗೆ ಹತ್ತಿಹತ್ತಿ ಹೊಂಟೈತಿ. ಕಾವಿಗೆ ಬ್ರೇಕ್ ಆಯಿಲ್ ಕುದ್ದುಬಿಟ್ಟೈತಿ. ನಾ ಹಾಕಿದ ಪೈಪು. ನಂದ ತಪ್ಪು." ಮಣ್ಣಿನ ಮೇಲೆ ಕುಸಿದು ಕೂತ. "ಬ್ಯಾರೆ ಮೇಸ್ತ್ರಿಗೆ ತೋರಸ್ರಿ. ನಾ ಇನ್ನ ಮುಟ್ಟಾಂಗಿಲ್ಲ."

ರೂಬಿನಾ ನಿಧಾನವಾಗಿ ಇಳಿದು, ಕೃತಕ ಕಾಲು ಚಾಚಿ ಅವನ ಪಕ್ಕ ಕೂತಳು. ಅವನ ಎಣ್ಣೆಗೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಬ್ರೇಕ್ ಹೋದಾಗ ನನ್ನ ಕಾಲು ನೆನಪಾಗಲಿಲ್ಲ," ಎಂದಳು. "ಬಾಜೂಕ ನೀ ಇದ್ದಿ. ಅದೊಂದ ತಲ್ಯಾಗಿತ್ತು. ನಿನಗೇನರ ಆಗಿದ್ರ?"

'ನೀ' ಎಂದದ್ದು ಅವಳಿಗೇ ಆಮೇಲೆ ಕೇಳಿಸಿತು. ಅವನಿಗೂ ಕೇಳಿಸಿತ್ತು.

"ರೂಬಿನಾ," ಎಂದ. ಮೊದಲ ಸಲ ಹೆಸರು ಹಿಡಿದು ಕರೆದಿದ್ದ. "ನೀ ಅಂದ್ರ ನನಗ ಭಾಳ ಇಷ್ಟ. ಅದಕ್ಕ ಇಷ್ಟು ಹೆದರಿಕಿ."

"ಯಾರವ್ವಾ ಅದು, ನನ್ನ ಜ್ವಾಳದಾಗ?" ಹೊಲದ ಒಡೆಯ ಅಂದಾನೆಪ್ಪ ಕೋಲು ಹಿಡಿದು ಓಡಿ ಬಂದ. ಹಿಂದೆಯೇ ಬಂದ ಹುಲ್ಲಿನ ಹೆಂಗಸರು, "ಬೈಬ್ಯಾಡ್ರಿ ಕಾಕಾ, ನಮ್ಮ ಜೀವಾ ಉಳಿಸ್ಯಾಳ ಆಕಿ," ಎಂದರು. ಅಂದಾನೆಪ್ಪ ಮುರಿದ ದಂಟುಗಳನ್ನು ನೋಡಿದ, ಬಿಡದೆ ಹಿಡಿದಿದ್ದ ಆ ಕೈಗಳನ್ನು ನೋಡಿದ, ಗೊಣಗುತ್ತ ಟ್ರ್ಯಾಕ್ಟರ್ ತರಲು ಹೋದ.

ಹಗ್ಗ ಕಟ್ಟಿದ ಮೇಲೆ ಮುಜಫರ್ ಅಂದ, "ನೀ ಟ್ರ್ಯಾಕ್ಟರ್‌ನ್ಯಾಗ ಕೂಡು. ಸ್ಟೀಯರಿಂಗ್ ನಾ ಹಿಡೀತೇನಿ."

"ಬ್ಯಾಡ. ಇವತ್ತ ಸ್ಟೀಯರಿಂಗ್ ಬಿಟ್ರ ಮತ್ತ ಹಿಡಿಯೂದಿಲ್ಲ ನಾ." ಅವಳು ಆಗಲೇ ಹತ್ತಿ ಕೂತಿದ್ದಳು. "ಪೈಪ್ ನೀನ ಸರಿ ಮಾಡಬೇಕು. ಬ್ಯಾರೆ ಯಾರೂ ನಿನ್ನಷ್ಟು ಹೆದರೂದಿಲ್ಲ."

ಅವನು ಪಕ್ಕದ ಸೀಟಿಗೆ ಹತ್ತಿದ. ಬಾಗಿಲು ಹಾಕಿದ. "ನಿನ್ನ ನನಗ ಕೊಡ್ರಿ ಅಂತ ಅಬ್ಬಾಗ ಕೇಳಾಕ ಬರ್ಲೇನು? ಇವತ್ತ?"

"ಗಾಡಿ ಹಿಂಗ ಎಳಕೊಂಡು ಹೊಂಟಾಗ?"

"ಬೈದ್ರ ಎಲ್ಲಾ ಕೂಡೇ ಬೈಸ್ಕೋತೇನಿ."

ಅವಳು ನಕ್ಕಳು. ಬೆವರಿದ ಅಂಗೈಯನ್ನು ದುಪಟ್ಟಾಕ್ಕೆ ಒರೆಸಿ ಸ್ಟೀಯರಿಂಗ್ ಹಿಡಿದಳು. "ಬಾ," ಎಂದಳು.

ಹಗ್ಗ ಬಿಗಿಯಿತು. ಟ್ರಕ್ಕು ಎರೆಮಣ್ಣಿನಿಂದ ಎದ್ದು, ಊರ ಕಡೆಯ ಏರಿಗೆ ಮೂಗು ತಿರುಗಿಸಿತು.