ಮೇಜಿಗೆ ಹೋಗುವ ದಾರಿ

ಕೋಣೆಯಲ್ಲಿ ಹೆಣ ಬಿದ್ದಿತ್ತು. ಅದರಿಂದ ಎರಡು ಮಾರು ದೂರದಲ್ಲಿ ಕೂತು ಯಜಮಾನರು ಗಡಿಯಾರ ರಿಪೇರಿ ಮಾಡುತ್ತಿದ್ದರು.

ಯಜಮಾನರಿಗೆ ಕಣ್ಣು ಕಾಣುವುದಿಲ್ಲ. ಬೆಳಗಿನ ವಾಕಿಂಗ್ ಮುಗಿಸಿ ಬಂದವರು ಗೋಡೆ ಸವರಿಕೊಂಡು ತಮ್ಮ ಕುರ್ಚಿಗೆ ನಡೆದರು. ಕೂತರು. ಒಂದು ಕೈಗಡಿಯಾರ ಬಿಚ್ಚಿದರು. ದಿನವೂ ಪೇಪರ್ ಓದಿ ಹೇಳಲು ಬರುವ ಪಕ್ಕದ ಮನೆಯ ರಿಟೈರ್ಡ್ ಡ್ರೈವರ್ ಬಾಗಿಲಿಗೆ ಬಂದು ಒಳಗೆ ಇಣುಕಿದ. ಕಿಟಾರನೆ ಕಿರುಚಿದ.

"ಯಾಕಯ್ಯಾ? ಪೇಪರ್‌ನಲ್ಲಿ ಯಾರು ಸತ್ರು ಇವತ್ತು?" ಎಂದು ಯಜಮಾನರು ನಗುತ್ತಾ ಕೇಳಿದರು.

ಅವರು ನಕ್ಕದ್ದು ಅದೇ ಕೊನೆ.

*

ಠಾಣೆಯಿಂದ ಇಬ್ಬರು ಬಂದರು. ಒಬ್ಬಳು ಇನ್‌ಸ್ಪೆಕ್ಟರ್. ಕೇಳಿದ್ದನ್ನೇ ಎರಡು ಸಲ ಕೇಳಿ ಉತ್ತರ ಒಪ್ಪಿಸುವ ತನಕ ಬಿಡದ ಆಕೆಗೆ ಠಾಣೆಯವರು ಬೆನ್ನ ಹಿಂದೆ ಇಟ್ಟ ಹೆಸರು ಟೀಚರಮ್ಮ. ಇನ್ನೊಬ್ಬ ಹೆಡ್ ಕಾನ್‌ಸ್ಟೇಬಲ್. ಅವನ ಹೆಸರು ಮೀಸೆ. ಅದು ಯಾಕೆ ಅಂತ ಮುಖ ನೋಡಿದವರು ಯಾರೂ ಕೇಳುವುದಿಲ್ಲ.

ಸತ್ತವನು ಐವತ್ತು ದಾಟಿದ ಗಂಡಸು. ಇಸ್ತ್ರಿ ಮಾಡಿದ ಬಟ್ಟೆ. ತಲೆಯ ಹಿಂಭಾಗಕ್ಕೆ ಪೆಟ್ಟು. ಬಲಗಡೆ ಗೋಡೆಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದ. ಕೋಣೆಯಂತೂ ಲೂಟಿ ಹೊಡೆದ ಹಾಗಿತ್ತು. ಬೀರುವಿನ ಬಾಗಿಲು ಹಾರುಹೊಡೆದಿತ್ತು. ಪೆಟ್ಟಿಗೆ ಬೋರಲು ಬಿದ್ದಿತ್ತು. ಬಟ್ಟೆ, ಪುಸ್ತಕ, ಹಳೇ ಗಡಿಯಾರಗಳ ಮುಳ್ಳು, ಒಡೆದ ಸೀಸೆಯ ಚೂರು.

"ಕಳ್ಳ ಮೇಡಂ," ಎಂದ ಮೀಸೆ. "ಬಂದ, ಹುಡುಕಿದ, ಇವನು ಅಡ್ಡ ಬಂದ, ಬಾರಿಸಿದ. ಮುಗೀತು."

"ನಿಮ್ದು ಮುಗೀತು. ನಂದು ಈಗ ಶುರು," ಎಂದಳು ಟೀಚರಮ್ಮ.

ಬಾಗಿಲಿಗೆ ಎದುರಾಗಿ, ಎಡಗೋಡೆಯ ಕೊನೆಯಲ್ಲಿ, ಒಂದು ಮುಚ್ಚಳದ ಮೇಜಿತ್ತು. ಆಳೆತ್ತರದ ಹಳೇ ಕಾಲದ ಮೇಜು. ಕೆಳಗೆ ದೊಡ್ಡ ಖಾನೆಗಳು. ಮೇಲೆ ಓರೆಯಾಗಿ ನಿಂತ ಮುಚ್ಚಳ. ಅಕ್ಕಪಕ್ಕದಿಂದ ಎರಡು ಮರದ ಪಟ್ಟಿಗಳನ್ನು ಎಳೆದು ಮುಚ್ಚಳವನ್ನು ಅವುಗಳ ಮೇಲೆ ಇಳಿಸಿದರೆ ಬರೆಯುವ ಹಲಗೆಯಾಗುತ್ತದೆ. ಒಳಗೆ ಪುಟ್ಟ ಪುಟ್ಟ ಗೂಡುಗಳು, ಬೆರಳಷ್ಟು ಅಗಲದ ಸೆಳೆಖಾನೆಗಳು. ಮುಚ್ಚಿದರೆ ಎಲ್ಲವೂ ಮಾಯ. ಒಂದು ಮನೆಯೊಳಗೆ ಇನ್ನೊಂದು ಮನೆ. ಎಂಥ ಗಟ್ಟಿ ಮನಸ್ಸಿನವರಿಗೂ ಅದನ್ನು ಒಮ್ಮೆ ತೆರೆದು ಮುಚ್ಚುವ ಆಸೆಯಾಗಬೇಕು. ಟೀಚರಮ್ಮನಿಗೂ ಆಯಿತು. ಯಜಮಾನರನ್ನು ಕೊಂಚ ಪಕ್ಕಕ್ಕೆ ಸರಿಸಿ ಕೂರಿಸಿ, ಮುಚ್ಚಳ ಮುಚ್ಚಿ, ಮತ್ತೆ ಎಡಗಡೆಯ ಪಟ್ಟಿ ಎಳೆದಳು. ಬೆಣ್ಣೆಯ ಹಾಗೆ ಬಂತು.

ಗೂಡುಗಳಲ್ಲಿ ಯಜಮಾನರ ಸಾಮಾನು ಅಚ್ಚುಕಟ್ಟಾಗಿತ್ತು. ಚಿಮಟ, ಸ್ಕ್ರೂಡ್ರೈವರ್, ಎಣ್ಣೆ ಡಬ್ಬಿ. ಮೂಲೆಯ ಗೂಡಿನಲ್ಲಿ ಗೋಡೆ ಗಡಿಯಾರಕ್ಕೆ ತೂಗುಹಾಕುವ ಭಾರದ ಹಿತ್ತಾಳೆ ಗುಂಡು. ಅದು ಉಳಿದೆಲ್ಲಕ್ಕಿಂತ ಹೊಳೆಯುತ್ತಿತ್ತು. ಮುಟ್ಟಿದರೆ ತಣ್ಣಗೆ, ಕೊಂಚ ಒದ್ದೆ.

"ಇದನ್ನ ಕವರ್‌ಗೆ ಹಾಕಿ," ಎಂದಳು ಮೀಸೆಗೆ.

ಸತ್ತವನ ಜೇಬಿನಲ್ಲಿ ಒಂದು ಕಾರ್ಡ್ ಸಿಕ್ಕಿತು. ಟೀಚರಮ್ಮ ಗಟ್ಟಿಯಾಗಿ ಓದಿದಳು. "ಹಳೇ ಪೀಠೋಪಕರಣಗಳ ಅಂಗಡಿ. ಕೊಳ್ಳುವುದು, ಮಾರುವುದು, ರಿಪೇರಿ."

ಯಜಮಾನರ ಕೈಯಿಂದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

"ಇವರು ನಿಮಗೆ ಗೊತ್ತಾ?"

"ಇಲ್ಲ."

"ಗೊತ್ತಾ ಅಂದೆ."

"ಇಲ್ಲಮ್ಮ. ಗೊತ್ತಿಲ್ಲ."

ಬಾಗಿಲಲ್ಲಿ ಮಗಳು ನಿಂತಿದ್ದಳು. ಮನೆಯಲ್ಲಿ ಇರುವುದು ಇವರಿಬ್ಬರೇ. ಮಹಡಿಯಲ್ಲಿ ಕೂತು ಮಿಷಿನ್‌ನಲ್ಲಿ ಪರದೆ ಹೊಲಿದು ಮಗಳು ಮನೆ ನಡೆಸುತ್ತಾಳೆ. ಅವಳ ಕಣ್ಣು ಅಪ್ಪನ ಮೇಲೆಯೇ ಇತ್ತು, ಹೆಣದ ಮೇಲಲ್ಲ.

"ನಾನು ಮೇಲೆ ಹೊಲೀತಿದ್ದೆ ಮೇಡಂ. ಮಿಷಿನ್ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ. ಡ್ರೈವರ್ ಅಂಕಲ್ ಕೂಗಿದಾಗ್ಲೇ ಇಳಿದು ಬಂದಿದ್ದು."

ಯಜಮಾನರು ಎದ್ದರು. ನೀರು ಬೇಕೆಂದರು. ಎಡಗೋಡೆ ಸವರುತ್ತಾ ಸರಸರ ನಡೆದು ಹೊರಗೆ ಹೋದರು. ಇಷ್ಟು ರಂಪದ ನಡುವೆ ಒಂದು ಪುಸ್ತಕವನ್ನೂ ತುಳಿಯಲಿಲ್ಲ. ಎಷ್ಟು ಅಭ್ಯಾಸವಪ್ಪಾ ಎಂದು ಟೀಚರಮ್ಮ ಮೆಚ್ಚಿಕೊಂಡಳು. ಆಗ ಅವಳಿಗೆ ಹೊಳೆದದ್ದು ಅಷ್ಟೇ.

*

ಮಧ್ಯಾಹ್ನದೊಳಗೆ ಮೀಸೆ ಒಬ್ಬನನ್ನು ಹಿಡಿದು ತಂದ. ಯಜಮಾನರ ಮಗ. ಅಕ್ಕನಿಗಿಂತ ಚಿಕ್ಕವನು, ಬೇರೆ ಮನೆ ಮಾಡಿದ್ದಾನೆ. ಬೆಳಿಗ್ಗೆ ಗೇಟಿನ ಹತ್ತಿರ ಅವನನ್ನು ಎದುರು ಮನೆಯವರು ನೋಡಿದ್ದರು. ಹಿಂದಿನ ವಾರ ಅಪ್ಪನ ಜೊತೆ ಜೋರು ಜಗಳವಾಗಿತ್ತು. ಜಗಳ ಆ ಮೇಜಿಗೇ.

"ಕೊಲೆ ಗಿಲೆ ನಂಗೊತ್ತಿಲ್ಲ ಮೇಡಂ," ಎಂದ ಅವನು, ಬೆವರು ಒರೆಸಿಕೊಳ್ಳುತ್ತಾ. "ನನ್ನ ಹೆಂಡತಿಗೆ ಆ ಮೇಜಿನ ಹುಚ್ಚು. ಎಲ್ಲೋ ಫೋಟೋ ನೋಡಿದಾಳೆ. ಸೆಕ್ರೆಟರಿ ಡೆಸ್ಕ್ ಅಂತೆ, ಹಾಲಲ್ಲಿ ಒಂದು ಇದ್ರೆ ಮನೆಗೇ ಕಳೆ ಬರುತ್ತಂತೆ. ಅಪ್ಪನಿಗೆ ಹೇಗೂ ಕಣ್ಣಿಲ್ಲ, ಅವರಿಗೆ ಯಾವ ಮೇಜಾದ್ರೇನು ಅಂತ ಕೇಳ್ದೆ."

"ಹಾಗೇ ಕೇಳಿದ್ರಾ?"

"ಹೂಂ. ತಪ್ಪಾಯ್ತು. ಅಪ್ಪ ಯಾವತ್ತೂ ಕೂಗಾಡೋರಲ್ಲ. ಅವತ್ತು ರೇಗಿಬಿಟ್ರು. ನಾನು ಸತ್ರೂ ಆ ಮೇಜು ಈ ಮನೆ ಬಿಟ್ಟು ಹೋಗಬಾರದು, ಅದನ್ನ ಯಾರೂ ಬಂದು ನೋಡೋದೂ ಬೇಡ ಅಂದ್ರು."

"ಇವತ್ತು ಯಾಕೆ ಬಂದ್ರಿ?"

"ಕ್ಷಮೆ ಕೇಳೋಣ ಅಂತ. ಬಾಗಿಲು ತಟ್ಟಿದೆ, ಅಕ್ಕನ್ನ ಕೂಗಿದೆ, ಯಾರೂ ತೆಗೀಲಿಲ್ಲ. ವಾಪಸ್ ಹೋದೆ."

"ಮಿಷಿನ್ ಸದ್ದು ಕೇಳಿಸ್ತಾ?"

ಅವನು ಯೋಚಿಸಿದ. "ಇಲ್ಲ ಮೇಡಂ. ಮಿಷಿನ್ ಓಡ್ತಿದ್ರೆ ಬೀದಿಗೇ ಕೇಳಿಸುತ್ತೆ. ನಲ್ಲಿ ಬಿಟ್ಟ ಹಾಗೆ ನೀರಿನ ಸದ್ದು ಮಾತ್ರ ಇತ್ತು."

ಅವನು ಹೋದ ಮೇಲೆ ಮೀಸೆ ಗೊಣಗಿದ. "ಬಿಟ್ಟುಬಿಟ್ರಲ್ಲ ಮೇಡಂ! ಕೈಗೆ ಬಂದವನು."

"ಕೊಲೆ ಮಾಡಿದವನು ನಲ್ಲಿ ಸದ್ದಿನ ವಿಷಯ ತಾನಾಗೇ ಹೇಳಲ್ಲ. ನಡೀರಿ, ಅಂಗಡಿಯವನ ಮನೆಗೆ ಹೋಗೋಣ."

*

ಅಂಗಡಿಯವನ ಹೆಂಡತಿ ಅತ್ತು ಅತ್ತು ಸುಸ್ತಾಗಿದ್ದಳು. ಆದರೂ ಎದ್ದು ಕುರ್ಚಿ ಎಳೆದು ಕೊಟ್ಟಳು.

ಹಾಲಿನಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ, ಅದೇ ಮೇಜು.

ಟೀಚರಮ್ಮ ಒಂದು ಗಳಿಗೆ ಕಣ್ಣು ಉಜ್ಜಿಕೊಂಡಳು. ಅದೇ ಎತ್ತರ, ಅದೇ ಓರೆ ಮುಚ್ಚಳ, ಅದೇ ಗೂಡುಗಳು. ಮುಚ್ಚಳದ ಅಂಚಿನಲ್ಲಿ ಮಾತ್ರ ಎಡಗೈ ಊರುವ ಜಾಗ ಸವೆದು ಸಣ್ಣ ಹಳ್ಳವಾಗಿತ್ತು. ಒಳಹಲಗೆಯ ತುಂಬ ಎಣ್ಣೆಯ ಕಲೆ.

"ತೆಗೀಬಹುದಾ?"

"ತೆಗೀರಿ. ಎಡಗಡೆ ಪಟ್ಟಿ ಸ್ವಲ್ಪ ಹಠ ಮಾಡುತ್ತೆ. ಮೇಲೆತ್ತಿ ಎಳೀಬೇಕು."

ನಿಜ. ಅದು ಹಠ ಮಾಡಿತು.

"ಮಾರೋಕಂತಲೇ ತಂದಿದ್ರು," ಎಂದಳು ಆಕೆ. "ಒಬ್ಬ ಹುಡುಗಿ ಅಪ್ಪನ ಕಣ್ಣಿನ ಆಪರೇಷನ್‌ಗೆ ಅಂತ ಕೊಟ್ಟಿದ್ಲು. ಅಪ್ಪನಿಗೆ ಗೊತ್ತಾಗಬಾರದು, ಥೇಟ್ ಇದೇ ಥರದ್ದು ಇನ್ನೊಂದು ಮಾಡಿಸಿ ಕೊಡಿ ಅಂದ್ಲಂತೆ. ಅವಳಪ್ಪ ಆಸ್ಪತ್ರೆಯಿಂದ ಬರೋದ್ರೊಳಗೆ ಇವರು ಮಾಡಿಸಿ ಕೊಟ್ರು. ಇದನ್ನ ಮಾರೋಕೆ ಮಾತ್ರ ಮನಸ್ಸು ಬರಲಿಲ್ಲ. ಸಂಜೆ ಬಂದು ಇದರ ಮುಂದೆ ಕೂರೋರು. ಸುಮ್ನೆ ತೆಗೆಯೋರು, ಮುಚ್ಚೋರು. ನಾನು ಸವತಿ ಅಂತ ರೇಗಿಸ್ತಿದ್ದೆ."

ಸೆರಗಿನಿಂದ ಮುಖ ಒತ್ತಿಕೊಂಡಳು.

"ಇವತ್ತು ಅಲ್ಲಿಗೆ ಯಾಕೆ ಹೋಗಿದ್ರು?"

"ಆ ಯಜಮಾನರೇ ಫೋನ್ ಮಾಡಿದ್ರು. ನಮ್ಮ ಮೇಜು ನಿಮ್ಮ ಹತ್ರ ಇದ್ರೆ ಸಾಯೋದ್ರೊಳಗೆ ಒಂದು ಸಲ ಮುಟ್ಟಿ ನೋಡಬಹುದಾ ಅಂತ. ಇವರು ವ್ಯಾನ್ ತಗೊಂಡು ಕರ್ಕೊಂಡು ಬರೋಕೆ ಹೋದ್ರು. ವಯಸ್ಸಾದೋರು, ಸೀಟು ಗಟ್ಟಿ ಅಂತ ನನ್ನ ಕೈಲಿ ದಿಂಬು ಕೇಳಿ ಇಸ್ಕೊಂಡು ಹೋದ್ರು."

ಬೆಳಿಗ್ಗೆ ಯಜಮಾನರ ಬೀದಿ ತುದಿಯಲ್ಲಿ ಸಿಕ್ಕ ವ್ಯಾನಿನ ಮುಂದಿನ ಸೀಟಿನಲ್ಲಿ ಹೂವಿನ ಗಲೀಬಿನ ದಿಂಬು ಇದ್ದುದನ್ನು ಟೀಚರಮ್ಮ ನೋಡಿದ್ದಳು.

ಹೊರಡುವಾಗ ಮೀಸೆ ಅಲ್ಲಿದ್ದ ಕಾಲ್ಮಣೆಗೆ ಎಡವಿದ. "ಅಯ್ಯೋ ಇದರ ಮನೆ ಹಾಳಾಗ!" ಎಂದು ಹೆಬ್ಬೆರಳು ಹಿಡಿದುಕೊಂಡು ಕುಣಿದ.

ಟೀಚರಮ್ಮ ತಟ್ಟನೆ ನಿಂತಳು.

"ಬೆಳಿಗ್ಗೆ ಆ ಕೋಣೇಲಿ ಎಡವಿದ್ರಾ?"

"ಇಲ್ವಲ್ಲ ಮೇಡಂ."

"ಎಡವಿದ್ರಾ ಅಂತ ಕೇಳ್ದೆ."

"ಇಲ್ಲ ಅಂದ್ನಲ್ಲ! ಸಲೀಸಾಗಿ ಮೇಜಿನ ತನಕ ಹೋದೆ. ದಾರಿಯಲ್ಲಿ ಏನೂ..."

ಆಕೆಯ ಮುಖ ನೋಡಿ ಮೀಸೆಗೂ ಅರ್ಥವಾಯಿತು.

"ವಾಪಸ್ ಠಾಣೆಗಾ ಮೇಡಂ?"

"ಅಲ್ಲ. ಆ ಮನೆಗೆ." ಟೀಚರಮ್ಮ ಜೀಪು ಹತ್ತಿದಳು. ಹತ್ತಲು ಮನಸ್ಸಿರಲಿಲ್ಲ.

*

ಹೆಣ ಸಾಗಿಸಿಯಾಗಿತ್ತು. ಯಜಮಾನರು ಮಂಚದ ಮೇಲೆ ಕೂತಿದ್ದರು. ಮಗಳು ಪಕ್ಕದಲ್ಲಿ. ಮಗ ಅಡುಗೆಮನೆಯಿಂದ ಒಂದು ಸ್ಟೂಲು ತಂದು ಹಾಕಿಕೊಂಡು ಕೂತ. ಟೀಚರಮ್ಮ ಮೇಜಿನ ಕುರ್ಚಿ ಎಳೆದುಕೊಂಡಳು.

"ಕಳ್ಳ ಬಂದಿದ್ದ ಅಂತ ತೋರಿಸೋಕೆ ಯಾರೋ ಕಷ್ಟಪಟ್ಟಿದಾರೆ," ಎಂದು ಶುರು ಮಾಡಿದಳು. "ಆದ್ರೆ ಎಂಥ ಕಳ್ಳ? ಬೀರು, ಪೆಟ್ಟಿಗೆ ಎಲ್ಲಾ ಕಿತ್ತು ಹಾಕಿದ. ಇಷ್ಟೊಂದು ಗುಟ್ಟಿನ ಖಾನೆ ಇರೋ ಮೇಜನ್ನ ಮುಟ್ಟೇ ಇಲ್ಲ. ಹಿತ್ತಾಳೆ ಗುಂಡಲ್ಲಿ ಹೊಡೆದ, ಅದನ್ನ ತೊಳೆದು ಅದರ ಗೂಡಲ್ಲೇ ವಾಪಸ್ ಇಟ್ಟ. ಯಾಕಂದ್ರೆ ಅದು ಅಲ್ಲೇ ಇರಬೇಕು. ಹುಡುಕೋ ಕೈಗೆ ಅಲ್ಲೇ ಸಿಗಬೇಕು."

ಟೀಚರಮ್ಮ ನೆಲದ ಕಡೆ ಕೈ ತೋರಿಸಿದಳು.

"ಒಡೆದ ಗಾಜು, ಬಟ್ಟೆ, ಪುಸ್ತಕ ಎಲ್ಲಾ ಬಲಗಡೆ. ಬಾಗಿಲಿಂದ ಮೇಜಿನ ತನಕ ಎಡಗೋಡೆ ಪಕ್ಕ ಒಂದು ಸೂಜಿನೂ ಬಿದ್ದಿಲ್ಲ. ಹೊಡೆದಿದ್ದು ಮೇಜಿನ ಮುಂದೆ, ಆದ್ರೆ ಹೆಣಾನ ಎಳೆದು ಆ ಕಡೆ ಗೋಡೆಗೆ ಹಾಕಿದಾರೆ. ಅಲ್ಲಿ ರಕ್ತ ಹಾಗೇ ಇದೆ. ಕುರ್ಚಿ ಹತ್ತಿರ ಮಾತ್ರ ಒರೆಸಿದಾರೆ, ಕಾಲು ಜಾರಬಾರದು ಅಂತ. ಕೊಲೆ ಮಾಡಿದ ಕೈಯಲ್ಲೇ, ಅಂಥಾ ಗಾಬರಿಯಲ್ಲೂ, ಕಣ್ಣಿಲ್ಲದ ಒಬ್ಬರು ಎಡವಬಾರದು ಅಂತ ದಾರಿ ಬಿಟ್ಟಿದಾರೆ."

ಟೀಚರಮ್ಮ ಮಗಳ ಕಡೆ ತಿರುಗಿದಳು. "ಇಷ್ಟು ವರ್ಷದ ರೂಢಿ. ಕೈ ತಾನಾಗೇ ಮಾಡಿಬಿಡ್ತು. ಅಲ್ವೇನಮ್ಮಾ?"

"ಅಕ್ಕ?" ಎಂದ ತಮ್ಮ.

ಮಗಳು ಅಳಲಿಲ್ಲ. ಅಪ್ಪನ ಕೈ ಬಿಟ್ಟು ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಅಂಗಡಿಯವನು ಬಾಗಿಲಿಗೆ ಬಂದ, ನೀವ್ಯಾಕೆ ಬಂದ್ರಿ ಅಂತ ಕೇಳ್ದೆ. ನಿಮ್ಮಪ್ಪನ್ನ ನೋಡ್ಬೇಕು ಅಂದ. ಮೇಜಿನ ವಿಷಯ ಹೇಳೋಕೆ ಬಂದಿದಾನೆ ಅಂತ ನನ್ನ ಜೀವ ಹೋಯ್ತು. ಕಾಲು ಹಿಡ್ಕೊಂಡೆ ಮೇಡಂ. ಕಣ್ಣಂತೂ ಬರಲಿಲ್ಲ, ಇದೊಂದಾದ್ರೂ ಇದೆ ಅಂತ ಬದುಕಿದಾರೆ, ಹೇಳ್ಬೇಡಿ ಅಂದೆ. ನಿಮ್ಮಪ್ಪನೇ ಕರೆಸಿದ್ದು ಕಣಮ್ಮಾ ಅಂದ. ಎಷ್ಟು ಸುಳ್ಳು ಹೇಳ್ತಾನೆ ಅನ್ನಿಸ್ತು. ಅವರು ಬರೋ ತನಕ ಇಲ್ಲೇ ಇರ್ತೀನಿ ಅಂತ ಆ ಕಡೆ ತಿರುಗಿ, ಮುಚ್ಚಳ ತೆಗೆದು, ಮೇಜು ಸವರ್ತಾ ನಿಂತ. ಅಪ್ಪ ಬರೋ ಹೊತ್ತಾಗಿತ್ತು. ಗುಂಡು ಕೈಗೆ ಸಿಕ್ತು."

"ನಾನೇ ಕರೆಸಿದ್ದು," ಎಂದರು ಯಜಮಾನರು.

ಅವರ ಧ್ವನಿ ಎಷ್ಟು ಸಣ್ಣಗಿತ್ತೆಂದರೆ ಮಗಳು ಮೊದಲು ಕೇಳಿಸಿಕೊಳ್ಳಲೇ ಇಲ್ಲ.

"ನಾನೇ ಕಣೇ ಕರೆಸಿದ್ದು. ಹಳೇ ಮೇಜು ಕೊಳ್ಳೋ ಅಂಗಡಿ ಊರಲ್ಲಿ ಅದೊಂದೇ, ಫೋನ್ ಮಾಡ್ದೆ. ನೀನು ಪರದೆ ಕೊಡೋಕೆ ಹೋಗೋ ಹೊತ್ತಿಗೆ ಬಾರಪ್ಪಾ ಅಂದಿದ್ದೆ. ಅವನು ಮುಂಚೆನೇ ಬಂದುಬಿಟ್ಟ. ಆಸ್ಪತ್ರೆಯಿಂದ ಬಂದ ದಿನಾನೇ ನಂಗೆ ಗೊತ್ತಾಯ್ತು. ಎಡಗಡೆ ಪಟ್ಟಿ ಎಳೆದೆ, ಸಲೀಸಾಗಿ ಬಂತು. ನಮ್ಮದು ಯಾವತ್ತಾದ್ರೂ ಹಾಗೆ ಬಂದಿತ್ತಾ?"

"ಗೊತ್ತಿತ್ತಾ?" ಮಗಳು ಅಪ್ಪನ ಕಡೆ ತಿರುಗಿದಳು. "ಇಷ್ಟು ದಿನ ಅದರ ಮುಂದೆ ಕೂತು, ನಮ್ಮ ತಾತನ ಮೇಜು, ನಮ್ಮ ತಾತನ ಮೇಜು ಅಂತಿದ್ಯಲ್ಲಪ್ಪಾ?"

"ನಿನಗೆ ಕೇಳಿಸ್ಲಿ ಅಂತ ಅಂತಿದ್ದೆ. ನನ್ನ ಕಣ್ಣಿಗೋಸ್ಕರ ಮಾರಿದೆ, ಕಣ್ಣೂ ಬರಲಿಲ್ಲ. ಗೊತ್ತಾಯ್ತು ಅಂದ್ರೆ ನೀನು ಉಳೀತಿದ್ಯಾ?"

ಅದಕ್ಕೇ ಅವರು ಮಗನಿಗೆ ಮೇಜು ಕೊಡಲಿಲ್ಲ. ಅದಕ್ಕೇ ಬೆಳಿಗ್ಗೆ ಗೊತ್ತಿಲ್ಲ ಎಂದು ಸುಳ್ಳು ಹೇಳಿದರು. ಅಪ್ಪ ಮಗಳು ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಕೂತಿದ್ದರು. ನಡುವೆ ದಿಂಬು ಹಿಡಿದು ಬಂದ ಒಬ್ಬ ಒಳ್ಳೆಯ ಮನುಷ್ಯ ಸತ್ತುಹೋದ. ಈ ಕೆಲಸಕ್ಕೆ ಸೇರಿದ ಮೇಲೆ ಟೀಚರಮ್ಮನಿಗೆ ಪತ್ತೆ ಮಾಡಿದ್ದು ಇಷ್ಟು ಬೇಡವೆನಿಸಿದ್ದು ಇದೇ ಮೊದಲು. ಆದರೆ ಎಳೆ ಸಿಕ್ಕಿದ ಮೇಲೆ ಬಿಡುವ ಹಾಗಿರಲಿಲ್ಲ. ಅತ್ತು ಸುಸ್ತಾದ ಇನ್ನೊಬ್ಬ ಹೆಂಗಸೂ ಅವಳ ಕಣ್ಣ ಮುಂದೆ ಇದ್ದಳು.

"ಏಳಮ್ಮಾ," ಎಂದಳು.

ಮಗಳು ಅಪ್ಪನ ಪಾದ ಮುಟ್ಟಿದಳು. ಯಜಮಾನರ ಕೈ ಅವಳ ತಲೆ ಹುಡುಕಿತು. ಸಿಗುವಷ್ಟರಲ್ಲಿ ಅವಳು ಎದ್ದಾಗಿತ್ತು.

ಬಾಗಿಲ ಹತ್ತಿರ ಹೋದವಳು ಥಟ್ಟನೆ ನಿಂತಳು. ಮೀಸೆ ಹುಷಾರಾದ. ಅವಳು ಅವನನ್ನು ದಾಟಿ ವಾಪಸ್ ಬಂದು, ಟೀಚರಮ್ಮ ಎಳೆದಿದ್ದ ಕುರ್ಚಿಯನ್ನು ಮೇಜಿನ ಮುಂದೆ ಅದರ ಜಾಗಕ್ಕೆ ತಳ್ಳಿದಳು. ಆಮೇಲೆ ಹೊರಟಳು. "ಅಕ್ಕಾ, ಅಕ್ಕಾ" ಎನ್ನುತ್ತಾ ತಮ್ಮ ಎದ್ದು ಅವಳ ಹಿಂದೆಯೇ ಓಡಿದ.

ಜೀಪು ಹೊರಟ ಸದ್ದಾಯಿತು. ಯಜಮಾನರು ಎದ್ದರು. ಗೋಡೆ ಸವರುತ್ತಾ, ಯಾವತ್ತಿನ ಹಾಗೆ ಸರಸರ, ಮೇಜಿನ ಕಡೆ ನಡೆದರು.

ಮಗ ಬಿಟ್ಟುಹೋದ ಸ್ಟೂಲು ದಾರಿಯಲ್ಲೇ ಇತ್ತು. ಮೊಣಕಾಲಿಗೆ ಬಲವಾಗಿ ಬಡಿಯಿತು. ಅವರು ಬೀಳಲಿಲ್ಲ. ತಡಕಾಡಿ ಸ್ಟೂಲನ್ನು ಹಿಡಿದುಕೊಂಡು, ಅದು ಏನೆಂದು ತಿಳಿಯುವ ತನಕ ನಾಲ್ಕೂ ಕಾಲು ಮುಟ್ಟಿ ನೋಡಿದರು. ಆಮೇಲೆ ಮೇಜಿನ ತನಕ ಹೋಗಲಿಲ್ಲ. ಆ ಸ್ಟೂಲಿನ ಮೇಲೆಯೇ ಕೂತರು.