ಹೊದಿಸಿದ ಮಾತು

"ಯಾರು ಅಳಿಸಿದ್ದು? ಕರೀರಿ ಅವರನ್ನ, ಮುಖ ನೋಡ್ಬೇಕು ನಾನು!"

ಅವಳ ಕೈ ಕೌಂಟರಿನ ಮೇಲೆ ಬಿದ್ದ ರಭಸಕ್ಕೆ ಆಚೆ ಕೂತಿದ್ದ ಗುಮಾಸ್ತನ ಚಹಾ ತುಳುಕಿತು.

ಮಕ್ಕಳ ವಾರ್ಡಿನ ನರ್ಸ್ ಅವಳು. ಡ್ಯೂಟಿ ಮುಗಿಸಿ, ಸಮವಸ್ತ್ರವನ್ನೂ ಬದಲಿಸದೆ ನೇರ ಇಲ್ಲಿಗೆ ಬಂದಿದ್ದಳು. ಇದು ಆನ್‌ಲೈನ್ ಬರಹಗಳ ತಪಾಸಣಾ ಕಚೇರಿ. ಹೊಸ ಕಾನೂನು ಬಂದ ಮೇಲೆ ಯಾರು ಏನೇ ಬರೆದರೂ ಅದು ಉಳಿಯಬೇಕೋ ಅಳಿಯಬೇಕೋ ಎಂದು ತೀರ್ಮಾನವಾಗುತ್ತಿದ್ದದ್ದು ಇಲ್ಲೇ.

"ಏನಿತ್ತು ಮೇಡಂ ಪೋಸ್ಟಲ್ಲಿ?"

"ಹಸುಗೂಸಿಗೆ ಹಾಲು ಕುಡಿಸುವಾಗ ಹೇಗೆ ಎತ್ಕೋಬೇಕು ಅಂತ ಚಿತ್ರ ಹಾಕಿದ್ದೆ. ಅಶ್ಲೀಲವಂತೆ! ನೀವೆಲ್ಲ ಏನು ಆಕಾಶದಿಂದ ಉದುರಿದವರಾ? ತಾಯಿ ಹಾಲು ಕುಡಿದೇ ಇಲ್ವಾ?"

ಸಾಲಿನಲ್ಲಿ ನಿಂತಿದ್ದವರು ಕಿಸಕ್ಕನೆ ನಕ್ಕರು. ಗುಮಾಸ್ತ ನಗಲಿಲ್ಲ. ಚಿತ್ರ ನೋಡಿದ, ಕಿವಿಯವರೆಗೂ ಕೆಂಪಾದ, ಕಂಪ್ಯೂಟರಿನಲ್ಲಿ ಏನೋ ಒತ್ತಿದ.

"ವಾಪಸ್ ಬಂತು, ನೋಡಿ. ಮತ್ತೆ... ಅಳಿಸಿದ್ದು ನಾನೇ. ಮುಖ ನೋಡ್ಬೇಕು ಅಂದ್ರಲ್ಲ..."

ಇಂಥ ಪ್ರಾಮಾಣಿಕ ಪೆದ್ದನನ್ನು ಅವಳು ಹಿಂದೆಂದೂ ಕಂಡಿರಲಿಲ್ಲ!

ಮರುವಾರ ಬಸ್ ಸ್ಟಾಪಿನಲ್ಲಿ ಅವನೇ ಸಿಕ್ಕಿದ. ಆಮೇಲೆ ಸಿಗುವುದೇ ಅಭ್ಯಾಸವಾಯಿತು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎದುರುಬದುರು ಕೂತು ಅವಳು ಮಾತಾಡುತ್ತಲೇ ಇರುತ್ತಿದ್ದಳು, ಅವನು ಕೇಳುತ್ತಲೇ ಇರುತ್ತಿದ್ದ.

"ಜನರ ಬಾಯಿ ಮುಚ್ಚಿಸೋ ಕೆಲಸ ಮಾಡ್ತೀಯಲ್ಲ, ಬೇಜಾರಾಗಲ್ವಾ?" ಎಂದು ಒಮ್ಮೆ ಕೇಳಿದಳು.

"ಆಗುತ್ತೆ. ಆದ್ರೆ ನಾವೂ ಒಂದು ಉಪಕಾರ ಮಾಡ್ತೀವಿ ಕಣೇ." ಅವನು ಸ್ವರ ತಗ್ಗಿಸಿದ. "ನಮ್ಮ ತಮ್ಮನೋ ಚಿಕ್ಕಮ್ಮನೋ ಏನಾದ್ರೂ ಅಪಾಯದ್ದು ಬರೆದ್ರೆ, ದೂರು ದಾಖಲಾಗೋ ಮೊದಲೇ ತೆಗೆದುಬಿಡ್ತೀವಿ. ಆಗ ಬರೆದವರ ವಿಳಾಸ ಪೊಲೀಸರಿಗೆ ಹೋಗಲ್ಲ. ಪೋಸ್ಟ್ ಇತ್ತು ಅನ್ನೋ ಗುರುತೂ ಉಳಿಯಲ್ಲ. ಹೊದಿಸೋದು ಅಂತೀವಿ ನಾವು... ಮಕ್ಕಳಿಗೆ ಚಾದರ ಹೊದಿಸ್ತೀವಲ್ಲ, ಹಾಗೆ."

"ಪರವಾಗಿಲ್ವೇ, ಒಳ್ಳೇ ಕಳ್ಳರು!" ಎಂದು ಅವಳು ಮನಸಾರೆ ನಕ್ಕಿದ್ದಳು. ಅಯ್ಯೋ, 'ಬರೆದವರನ್ನ ಕೇಳಿ ತೆಗೀತೀರಾ?' ಎಂದು ಆಗಲೇ ಒಂದು ಮಾತು ಕೇಳಿದ್ದರೆ!

ಮನೆಯಲ್ಲಿ ಅವಳ ಅಮ್ಮ ಮದುವೆಗೆ ಕೂಡಲೇ ಒಪ್ಪಿದಳು. "ಇವಳ ಬಾಯಿಗೆ ಹೆದರದ ಗಂಡು ಒಬ್ಬನಾದ್ರೂ ಸಿಕ್ಕಿದನಲ್ಲ, ಸಾಕು" ಎಂದಳು. ಮದುವೆಯ ದಿನವೂ ಗೊತ್ತಾಯಿತು.

ಅಷ್ಟರಲ್ಲಿ ವಾರ್ಡಿಗೆ ಒಂದೇ ಥರದ ಕಾಯಿಲೆಯ ಮಕ್ಕಳು ಬರತೊಡಗಿದರು.

ಸಾಮಾನ್ಯ ನೆಗಡಿ, ಕೆಮ್ಮು. ಆದರೆ ಒಂದಾದ ಮೇಲೊಂದು ಮಗುವಿಗೆ ಮೂತ್ರ ನಿಂತುಹೋಗುತ್ತಿತ್ತು, ಮುಖ ಊದುತ್ತಿತ್ತು. ಅವಳು ಪ್ರತಿ ತಾಯಿಯನ್ನೂ ಕೂರಿಸಿ ಕೇಳಿದಳು. ಎಲ್ಲರೂ ಚೀಲದಿಂದ ತೆಗೆದದ್ದು ಒಂದೇ ಕಂಪನಿಯ ಕೆಮ್ಮಿನ ಸಿರಪ್ಪನ್ನು!

"ಲ್ಯಾಬ್ ವರದಿ ಬರೋವರೆಗೂ ತುಟಿ ಪಿಟಕ್ ಅನ್ನಬೇಡಿ" ಎಂದರು ದೊಡ್ಡ ಡಾಕ್ಟರು.

ವರದಿ ಬರುವಷ್ಟರಲ್ಲಿ ಇನ್ನೆಷ್ಟು ಮಕ್ಕಳು? ಅವಳಿಗೆ ಅನ್ನ ಇಳಿಯಲಿಲ್ಲ. ತಾಯಂದಿರಿಗಾಗಿ ತಾನು ನಡೆಸುತ್ತಿದ್ದ ಪೇಜಿನಲ್ಲಿ ಬರೆದಳು: 'ಈ ಸಿರಪ್ ಮನೆಯಲ್ಲಿದ್ದರೆ ಕೊಡಬೇಡಿ. ಕೊಟ್ಟಿದ್ದರೆ ತಕ್ಷಣ ಆಸ್ಪತ್ರೆಗೆ ಬನ್ನಿ.'

ಕೆಲವೇ ನಿಮಿಷಗಳಲ್ಲಿ ಅದು ಮಾಯವಾಯಿತು. ಮತ್ತೆ ಬರೆದಳು. ಮತ್ತೆ ಮಾಯ! ಮೂರನೆಯ ಸಲಕ್ಕೆ ಪೇಜಿನಲ್ಲಿ ಬರೆಯಲು ಅವಕಾಶವೇ ಇರಲಿಲ್ಲ. ಹಳೆಯ ಪೋಸ್ಟುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ನಗುತ್ತಿದ್ದವು.

ಕೂಡಲೇ ಅವನಿಗೆ ಫೋನ್ ಮಾಡಿದಳು. "ನೀನು ವಾಪಸ್ ಹಾಕಬಲ್ಲೆ. ಹಾಕು, ಪ್ಲೀಸ್..."

"ಮೇಲಿನವರು ತೆಗೆದಿದ್ದಾರೆ. ನೋಡ್ತೀನಿ... ನೀನು ಸ್ವಲ್ಪ ದಿನ ಸುಮ್ಮನಿರು" ಎಂದ ಅವನು.

ಅವಳು ನಂಬಿದಳು. ಅವನನ್ನಲ್ಲದೆ ಇನ್ಯಾರನ್ನು ನಂಬಬೇಕು? ಬಂದ ತಾಯಂದಿರಿಗೆಲ್ಲ ಬಾಯಲ್ಲಿ ಹೇಳಿ ಕಳಿಸಿದಳು. ಆದರೆ ವಾರ್ಡಿನ ಬಾಗಿಲಿಗೆ ಬರದ ತಾಯಂದಿರನ್ನು ಎಲ್ಲಿ ಹುಡುಕುವುದು?

ಎರಡು ದಿನದ ಮೇಲೆ ಒಬ್ಬ ಟೈಲರಮ್ಮ ಓಡೋಡಿ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ತೋಳಲ್ಲಿ ಮಗು ಅಳುವುದನ್ನೂ ಬಿಟ್ಟಿತ್ತು.

"ಸಿಸ್ಟರ್, ನಾನು ದಿನಾ ನಿಮ್ಮ ಪೇಜ್ ನೋಡ್ತೀನಿ. ಈ ಸಿರಪ್ ಕೊಡೋ ಮುಂಚೆನೂ ನೋಡಿದೆ. ಅಲ್ಲಿ ಏನೂ ಇರ್ಲಿಲ್ಲ. ಅದಕ್ಕೇ ಕೊಟ್ಟೆ... ಕೊಡಬಾರ್ದಿತ್ತಾ ಸಿಸ್ಟರ್?"

ಮಗು ಉಳಿಯಲಿಲ್ಲ.

ಸಂಜೆ ಅವನು ಬಂದಾಗ ಅವಳು ವಾರ್ಡಿನ ಹೊದಿಕೆ, ಬಟ್ಟೆ ಇಡುವ ಲಿನನ್ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದಳು. ಟೈಲರಮ್ಮನ ಮಾತನ್ನು ಅಕ್ಷರ ಬಿಡದೆ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು.

"ಮೇಲಿನವರಲ್ಲ..." ಎಂದ. "ನಾನೇ. ಕಂಪನಿ ದೂರು ಬರೀತಿದೆ ಅಂತ ಗೊತ್ತಾಯ್ತು. ದಾಖಲಾಗಿದ್ರೆ ಆವತ್ತೇ ನಿನ್ನ ಎಳ್ಕೊಂಡು ಹೋಗ್ತಿದ್ರು. ನಿನ್ನ ಉಳಿಸ್ಕೋಬೇಕು ಅಂತ... ಹೊದಿಸಿದೆ."

"ಯಾರನ್ನ ಕೇಳಿ ಉಳಿಸಿದೆ?"

"ಕೇಳಿದ್ರೆ ನೀನು ಒಪ್ತಿದ್ಯಾ?"

"ಇಲ್ಲ! ಒಪ್ತಿರ್ಲಿಲ್ಲ! ಅದು ಗೊತ್ತಿದ್ದೂ ಮಾಡಿದ್ಯಲ್ಲ!" ಅವಳ ಸ್ವರ ಒಡೆಯಿತು. "ಕಂಪನಿಯವರು ನನ್ನ ಬಾಯಿ ಮುಚ್ಚಿಸಿದ್ರೆ ಜಗಳ ಆಡ್ತಿದ್ದೆ. ನೀನು ಪ್ರೀತಿಯಿಂದ ಮುಚ್ಚಿಸಿದೆ. ಈಗ ಯಾರ ಜೊತೆ ಜಗಳ ಆಡ್ಲಿ? ಹೋಗು... ನನ್ನ ಕಣ್ಣೆದುರು ಇರಬೇಡ."

ಮದುವೆ ಮುರಿಯಿತು. ಕಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. ಸಿರಪ್ಪಿನಲ್ಲಿ ವಿಷವಿತ್ತು ಎಂದು ವರದಿ ಬಂದಾಗ ಆಸ್ಪತ್ರೆ ಕೈ ತೊಳೆದುಕೊಂಡಿತು. 'ನರ್ಸಿಗೆ ಮೊದಲೇ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ' ಎಂದು ಅವಳನ್ನೇ ಕೆಲಸದಿಂದ ತೆಗೆದರು.

ಅವಳು ಆ ಕಾನೂನಿನ ವಿರುದ್ಧವೇ ಕೋರ್ಟಿಗೆ ಹೋದಳು. ತಾನು ಸುಮ್ಮನಿರಲಿಲ್ಲ ಎಂಬುದು ಟೈಲರಮ್ಮನಿಗೆ ತಿಳಿಯಬೇಕಿತ್ತು. ಇನ್ನೊಬ್ಬ ನರ್ಸಿನ ಮಾತು ಹೀಗೆ ಸಾಯಬಾರದಿತ್ತು.

ಸರ್ಕಾರಿ ವಕೀಲರು ನಕ್ಕರು. "ಅಂಥ ಪೋಸ್ಟ್ ಇದ್ದ ದಾಖಲೆಯೇ ನಮ್ಮಲ್ಲಿಲ್ಲ. ಇಲ್ಲದ್ದನ್ನ ಅಳಿಸೋದು ಹೇಗೆ ಸ್ವಾಮಿ?"

ಅವಳ ವಕೀಲೆ ಸೋತ ಮುಖದಲ್ಲಿ ಪಿಸುಗುಟ್ಟಿದಳು: "ಒಳಗಿನವರು ಒಬ್ಬರಾದ್ರೂ ಹೇಳ್ಬೇಕಮ್ಮ. ಆದ್ರೆ ಕಚೇರಿ ಗುಟ್ಟು ಹೊರಗೆ ಹೇಳಿದ್ರೆ ಜೈಲು. ಯಾರು ಬರ್ತಾರೆ?"

ಆಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಗಡ್ಡ ಬೆಳೆದಿತ್ತು, ಅಂಗಿ ಸಡಿಲವಾಗಿತ್ತು.

ಅವಳು ತಿರುಗಿ ನೋಡಿದಳು. ಅವನೇ!

"ಪೋಸ್ಟ್ ಇತ್ತು. ಎರಡು ಸಲ ಬರೆದ್ರು, ಎರಡು ಸಲವೂ ಅಳಿಸಿದ್ದು ನಾನು, ಪೇಜಿಗೆ ಬೀಗ ಹಾಕಿದ್ದೂ ನಾನೇ. ಯಾರೂ ಆಜ್ಞೆ ಮಾಡಿರ್ಲಿಲ್ಲ. ಈ ಕಾನೂನಿಗೆ ನಾವು ಎಷ್ಟು ಹೆದರಿದ್ವಿ ಅಂದ್ರೆ, ಆಜ್ಞೆಯೇ ಬೇಕಾಗಿರ್ಲಿಲ್ಲ." ಅವನು ಗೋಡೆಯ ಪಕ್ಕ ಕೂತು ಕೇಳುತ್ತಿದ್ದ ಟೈಲರಮ್ಮನ ಕಡೆ ತಿರುಗಿದ. "ಅಮ್ಮಾ, ಇವರು ನಿಮಗೆ ಹೇಳಿದ್ರು. ಆ ಮಾತು ನಿಮ್ಮನ್ನ ಮುಟ್ಟದ ಹಾಗೆ ಮಾಡಿದ್ದು ನಾನು."

ಟೈಲರಮ್ಮ ಅವನನ್ನು ಬಹಳ ಹೊತ್ತು ನೋಡಿದಳು. ಎದ್ದು ಹೊರಟುಹೋದಳು.

ನರ್ಸಿನ ತಪ್ಪಿಲ್ಲ ಎಂದಿತು ಕೋರ್ಟು. ಕಾನೂನಿನ ವಿಷಯವನ್ನು ಮುಂದಕ್ಕೆ ಹಾಕಿತು. ಅದು ಇದ್ದ ಹಾಗೇ ಉಳಿಯಿತು. ಗುಟ್ಟು ಹೇಳಿದ ಗುಮಾಸ್ತನನ್ನು ಮಾತ್ರ ಅಲ್ಲೇ ಬಂಧಿಸಿದರು.

ಜಾಮೀನಿಗೆ ಸಹಿ ಹಾಕಲು ಅವನ ಕಡೆಯವರು ಯಾರೂ ಬರಲಿಲ್ಲ. ಮರುದಿನ ಠಾಣೆಯ ಮೇಜಿನ ಮುಂದೆ ನಿಂತವಳು ಅವಳು.

"ಇವರು ನಿಮಗೇನಾಗಬೇಕು?" ಕೇಳಿದರು ಇನ್ಸ್‌ಪೆಕ್ಟರ್.

"ನನ್ನ ಮದುವೆ ಆಗೋರು" ಎಂದಳು ಅವಳು, ಸಹಿ ಹಾಕುತ್ತಲೇ.

ಹೊರಗಿನ ಮೆಟ್ಟಿಲ ಮೇಲೆ ಅವನು ಕುಸಿದು ಕೂತ. "ಯಾಕೆ ಹಾಗಂದೆ? ಕ್ಷಮಿಸಿದ್ಯಾ?"

"ಇಲ್ಲ. ಕ್ಷಮಿಸೋಕೆ ಆಗುತ್ತೋ ಇಲ್ವೋ, ಅದೂ ಗೊತ್ತಿಲ್ಲ."

"ನನ್ನ ನೋಡಿದಾಗೆಲ್ಲ ಆ ಮಗು ನೆನಪಾಗಲ್ವಾ ನಿನಗೆ?"

"ಆಗುತ್ತೆ. ನಿನ್ನ ನೋಡದೇ ಇದ್ರೂ ಆಗುತ್ತೆ." ಅವಳು ಪಕ್ಕದಲ್ಲಿ ಕೂತಳು. ಕಣ್ಣೀರು ಒರೆಸಿಕೊಳ್ಳಲಿಲ್ಲ. "ಪ್ರೀತಿ ಹೋಗ್ಲಿ ಅಂತ ತುಂಬಾ ಪ್ರಯತ್ನಪಟ್ಟೆ ಕಣೋ. ಹೋಗ್ಲಿಲ್ಲ. ಈ ಭಾರ ಒಬ್ಬಳೇ ಹೊರೋಕೂ ಆಗ್ತಿಲ್ಲ."

ಅವನು ಮಗುವಿನಂತೆ ಬಿಕ್ಕಿದ. ಅವಳು ಅವನ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

"ನಾಳೆ ಮತ್ತೆ ಬರೀತೀಯಾ?" ಕೇಳಿದ.

"ಬರೀತೀನಿ."

"ನನಗೆ ಭಯ ಆಗುತ್ತೆ..."

"ಆಗ್ಲಿ. ಭಯ ಆದ್ರೆ ನನಗೆ ಹೇಳು, ಪಕ್ಕದಲ್ಲಿ ಕೂತ್ಕೋ. ನನ್ನ ಬದಲು ಮಾತ್ರ ನೀನು ಹೆದರಬೇಡ."